ಹಿತ್ತಲ ಒಲೆಯ ಚರಿತ್ರೆ

ರಾಜರ ಚರಿತ್ರೆಯನ್ನು ಶಾಸನಗಳಿಂದಲೂ, ದೇವಾಲಯಗಳ ಚರಿತ್ರೆಯನ್ನು ಸ್ಥಳಪುರಾಣಗಳಿಂದಲೂ ತಿಳಿಯುವ ಪದ್ಧತಿಯು ನಮ್ಮಲ್ಲಿ ಬೆಳೆದುಬಂದಿದೆ. ಗೃಹಸ್ಥನ ಚರಿತ್ರೆಯನ್ನು ಮಾತ್ರ ಬರೆದಿಟ್ಟವರು ವಿರಳ. ಆದರೂ ಅದು ಸಂಪೂರ್ಣವಾಗಿ ನಷ್ಟವಾಯಿತೆಂದು ಹೇಳಲಾಗದು. ಶಿರಸಿ, ಸಿದ್ದಾಪುರ, ಯಲ್ಲಾಪುರ ಈ ಮೂರು ತಾಲೂಕುಗಳ ಮಟ್ಟಿಗೆ ಅದರ ಒಂದು ಮುಖ್ಯವಾದ ಅಧ್ಯಾಯವು ಮನೆಯ ಹಿತ್ತಲಲ್ಲಿ, ಅಡಿಕೆ ಬೇಯಿಸುವ ಒಲೆಯ ರೂಪದಲ್ಲಿ ಈಗಲೂ ಉಳಿದಿದೆ. ಒಲೆಯ ಬಾಯಿ ಎಷ್ಟು ಅಗಲ, ಗುಂಡಿ ಎಷ್ಟು ಆಳ, ಹೊಗೆ ಹೋಗುವುದಕ್ಕೆ ದಾರಿಯುಂಟೋ ಇಲ್ಲವೋ, ಈ ಮೂರನ್ನು ನೋಡಿದರೆ, ಅದನ್ನು ಕಟ್ಟಿದ ಕಾಲದಲ್ಲಿ ನಮ್ಮ ಕಾಡಿನ ಸ್ಥಿತಿಯು ಹೇಗಿದ್ದಿತೆಂಬುದನ್ನು ಬಹುಮಟ್ಟಿಗೆ ಊಹಿಸಬಹುದು. ಹೊಸದಾಗಿ ಒಲೆ ಕಟ್ಟಿಸಬೇಕೆಂದಿರುವವರಿಗೂ, ಇದ್ದ ಒಲೆಯನ್ನು ಕೆಡವಬೇಕೆಂದಿರುವವರಿಗೂ ಈ ವಿಚಾರವು ನಿರುಪಯೋಗಿಯಾಗಲಾರದು.

ನಮ್ಮ ಸೀಮೆಯ ತೋಟಿಗರ ಮನೆಯಲ್ಲಿ ಅಗ್ನಿಗೆ ನಾಲ್ಕು ಸ್ಥಾನಗಳಿರುವುದು ವಾಡಿಕೆ. ಅಡುಗೆಯ ಒಲೆಯು ಮೊದಲನೆಯದು. ನೀರು ಕಾಯಿಸುವ ಬಚ್ಚಲೊಲೆಯು ಎರಡನೆಯದು. ಇವೆರಡೂ ನಿತ್ಯಾಗ್ನಿಗಳು. ಉಳಿದೆರಡು ಕಾಲವಿಶೇಷದಲ್ಲಿ ಮಾತ್ರ ಉರಿಯತಕ್ಕವುಗಳು. ಕಬ್ಬು ಬೆಳೆದವರ ಆಲೆಮನೆಯಲ್ಲಿ ನೆಲವನ್ನು ತೋಡಿ ಮಾಡಿದ ದೊಡ್ಡ ಒಲೆಯ ಮೇಲೆ ಕೊಪ್ಪರಿಗೆಯನ್ನಿಟ್ಟು, ರಸ ಹಿಂಡಿದ ಸಿಪ್ಪೆಯನ್ನೇ ಉರುವಲಾಗಿ ಹಾಕಿ, ಜೋನಿ ಬೆಲ್ಲವನ್ನು ಕಾಸುವರು. ನಾಲ್ಕನೆಯದಾದ ಅಡಿಕೆಯ ಒಲೆಯು ಹಿತ್ತಲಲ್ಲಿಯೋ ಅಂಗಳದ ಅಂಚಿನಲ್ಲಿಯೋ ಇರುವುದು. ಹಸಿಯ ಅಡಿಕೆಯನ್ನು ಕೊಯ್ದು, ರಾತ್ರಿಯ ಹೊತ್ತು ನೆರೆಹೊರೆಯವರು ಕೂಡಿ ಮೆಟ್ಟುಗತ್ತಿಯಿಂದ ಸುಲಿದು, ತಾಮ್ರದ ಹಂಡೆಯಲ್ಲಿ ಚೊಗರು ಸೇರಿಸಿ ತಾಸುಗಟ್ಟಲೆ ಬೇಯಿಸಿ, ಅಟ್ಟದ ಮೇಲೆ ಹರವಿ ಒಣಗಿಸಿದರೆ ಕೆಂಪಡಿಕೆಯಾಗುವುದು. ಹಣ್ಣಡಿಕೆಯನ್ನು ಬೇಯಿಸದೆ ಬಿಸಿಲಿನಲ್ಲಿಯೇ ಒಣಗಿಸಿ ಅನಂತರ ಸುಲಿದರೆ ಅದು ಚಾಲಿಯಾಗುವುದು. ಒಂದೇ ಮರದ ಫಲವು ಒಂದು ದಾರಿಯಲ್ಲಿ ಸೂರ್ಯನಿಂದಲೂ ಇನ್ನೊಂದು ದಾರಿಯಲ್ಲಿ ಅಗ್ನಿಯಿಂದಲೂ ಸಂಸ್ಕಾರ ಹೊಂದುತ್ತದೆ. ಈ ಭೇದವನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು; ಮುಂದೆ ಇದರ ಪ್ರಸಕ್ತಿಯು ಬರುವುದು.

ಅಗ್ನಿಗೆ ಗುಂಡಿ ತೋಡುವ ಕೆಲಸವನ್ನು ನಮ್ಮ ಹಿರಿಯರು ಒಂದು ಶಾಸ್ತ್ರವನ್ನಾಗಿಯೇ ಬೆಳೆಸಿದ್ದರು. ಬೌಧಾಯನ, ಆಪಸ್ತಂಬ ಮೊದಲಾದವರ ಶುಲ್ಬಸೂತ್ರಗಳು ಹಗ್ಗ ಮತ್ತು ಗೂಟಗಳಿಂದ ಅಗ್ನಿಸ್ಥಾನವನ್ನು ಅಳೆಯುವ ಕ್ರಮವನ್ನು ವಿಧಿಸುತ್ತವೆ. ಗಾರ್ಹಪತ್ಯವು ವೃತ್ತಾಕಾರ, ಆಹವನೀಯವು ಚತುರಸ್ರ, ದಕ್ಷಿಣಾಗ್ನಿಯು ಅರ್ಧವೃತ್ತ. ಆಕಾರವು ಬೇರೆಯಾದರೂ ಮೂರರ ಕ್ಷೇತ್ರಫಲವು ಸಮವಾಗಿರಬೇಕು. ಕಾಲಾಂತರದ ಕುಂಡಶಾಸ್ತ್ರದಲ್ಲಿ ಇನ್ನೂ ಸೂಕ್ಷ್ಮವಾದ ವಿಚಾರವುಂಟು. ಶಾರದಾತಿಲಕದ ಮತದಂತೆ ಸಾವಿರ ಆಹುತಿಗೆ ಒಂದು ಹಸ್ತದ ಕುಂಡವು ಸಾಕು; ಹತ್ತು ಸಾವಿರಕ್ಕೆ ಎರಡು ಹಸ್ತ, ಲಕ್ಷಕ್ಕೆ ನಾಲ್ಕು ಹಸ್ತ. ಅಂದರೆ ಯಜಮಾನನ ಸಂಪತ್ತಾಗಲಿ ಪ್ರತಿಷ್ಠೆಯಾಗಲಿ ಕುಂಡದ ಅಳತೆಗೆ ಕಾರಣವಲ್ಲ. ಎಷ್ಟು ಕೆಲಸವೋ ಅಷ್ಟು ಕುಂಡ. ಆಳವು ಅಗಲಕ್ಕೆ ಸಮವಾಗಿರಬೇಕೆಂಬುದು ಸಾಮಾನ್ಯ ನಿಯಮ; ಸುತ್ತಲಿನ ಮೇಖಲೆಯನ್ನು ಸೇರಿಸಿ ಎಣಿಸಬೇಕೆಂಬ ಪಕ್ಷವೂ ಉಂಟು. ಆಳವು ಹೆಚ್ಚಾದರೆ ರೋಗ, ಕಡಿಮೆಯಾದರೆ ಗೋಧನಗಳ ನಾಶವೆಂದು ಶಾಸ್ತ್ರಕಾರರು ಎಚ್ಚರಿಸಿದ್ದಾರೆ. ಇದನ್ನು ಕೇವಲ ಭಯಪ್ರದರ್ಶನವೆಂದು ತಿಳಿಯಬೇಕಾದುದಿಲ್ಲ. ಅತಿ ಆಳದ ಗುಂಡಿಯಲ್ಲಿ ಗಾಳಿಯು ತಳಕ್ಕೆ ಇಳಿಯದೆ ಹೊಗೆಯು ಏಳುವುದು. ಆಳವಿಲ್ಲದ ಗುಂಡಿಯಲ್ಲಿ ಶಾಖವು ಬದಿಗೆ ಚದರಿ ಸಮಿತ್ತು ವ್ಯರ್ಥವಾಗುವುದು. ಅತ್ತ ರೋಗ, ಇತ್ತ ಧನಕ್ಷಯ!

ಇನ್ನೊಂದು ಸೂಕ್ಷ್ಮವನ್ನು ಹೇಳಿ ಈ ಪ್ರಕರಣವನ್ನು ಮುಗಿಸುವೆನು. ಒಂದು ಹಸ್ತದ ಚತುರಸ್ರ ಕುಂಡದ ಬಾಹುವು 24 ಅಂಗುಲ. ಹಾಗಾದರೆ ಎರಡು ಹಸ್ತದ ಕುಂಡದ ಬಾಹುವು 48 ಅಂಗುಲವೇ? ಅಲ್ಲ, ಸುಮಾರು 34 ಅಂಗುಲ ಮಾತ್ರ. ಇಲ್ಲಿ ಇಮ್ಮಡಿಯಾಗಬೇಕಾದುದು ಕ್ಷೇತ್ರಫಲವೇ ಹೊರತು ಬಾಹುವಲ್ಲ. ಚತುರಸ್ರದ ಕರ್ಣವನ್ನು ಬಾಹುವಾಗಿ ಹಿಡಿದರೆ ಕ್ಷೇತ್ರವು ಇಮ್ಮಡಿಯಾಗುವುದೆಂಬ ಶುಲ್ಬದ ನಿಯಮದಿಂದ ಇದು ಸಿದ್ಧವಾಗುತ್ತದೆ. ಹಿತ್ತಲ ಒಲೆಗೂ ಇದೇ ಲೆಕ್ಕವು ಅನ್ವಯಿಸುವುದು. ತಳದ ವಿಸ್ತಾರವು ಇಮ್ಮಡಿಯಾದ ಹಂಡೆಯನ್ನು ತಂದವನು ಗುಂಡಿಯ ಅಗಲವನ್ನೂ ಇಮ್ಮಡಿ ಮಾಡಿದನೆಂದರೆ ಗುಂಡಿಯ ಕ್ಷೇತ್ರವು ನಾಲ್ಮಡಿಯಾಯಿತು. ಹೆಚ್ಚಾದ ಸ್ಥಳದಲ್ಲಿ ಉರಿದ ಸೌದೆಯು ಹಂಡೆಯನ್ನು ಕಾಯಿಸದೆ ಆಕಾಶವನ್ನು ಕಾಯಿಸುವುದು.

ಇಷ್ಟು ಶಾಸ್ತ್ರವಿದ್ದೂ ಹಿತ್ತಲಿನಲ್ಲಿ ಅದನ್ನು ಯಾರೂ ಅನುಸರಿಸಲಿಲ್ಲವೇಕೆ? ಉತ್ತರವು ಸರಳವಾಗಿದೆ: ಸೌದೆಗೆ ಬೆಲೆಯಿರಲಿಲ್ಲ. ಸೋಂದೆಯ ಅರಸರ ಆಳ್ವಿಕೆಯು ಹೈದರನ ಕಾಲದಲ್ಲಿ ಕೊನೆಗೊಂಡು, 1799ರಲ್ಲಿ ಟಿಪ್ಪುವಿನ ಮರಣಾನಂತರ ಈ ಸೀಮೆಯು ಇಂಗ್ಲಿಷರ ಕೈಸೇರಿತು. ಮುಂದೆ 1801ರಲ್ಲಿ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನು ಕುಂಪಣಿಯ ಅಪ್ಪಣೆಯಂತೆ ಸೋಂದೆ, ಶಿರಸಿಗಳ ಮಾರ್ಗವಾಗಿ ಸಂಚರಿಸಿ, ಇಲ್ಲಿಯ ಅಡಿಕೆ ತೋಟಗಳನ್ನು ಕಂಡು ಬರೆದನು. ಅವನ ಗ್ರಂಥವು 1807ರಲ್ಲಿ ಲಂಡನ್ನಿನಲ್ಲಿ ಮುದ್ರಿತವಾಯಿತು. ನಮ್ಮ ಮನೆಗಳ ಗೋಡೆಗೂ ಒಲೆಗೂ ಬಳಸುವ ಕೆಂಪುಕಲ್ಲಿಗೆ ‘ಲ್ಯಾಟರೈಟ್’ ಎಂಬ ಹೆಸರನ್ನು ಜಗತ್ತಿಗೆ ಕೊಟ್ಟವನೂ ಅವನೇ. ಮಲಬಾರಿನ ಅಂಗಾಡಿಪುರದ ಕಲ್ಲನ್ನು ನೋಡಿ ಇಟ್ಟಿಗೆಯೆಂಬ ಅರ್ಥದ ಲ್ಯಾಟಿನ್ ಪದದಿಂದ ಆ ಹೆಸರನ್ನು ರಚಿಸಿದನು. ಆ ದಿನಗಳ ಕಾಡನ್ನು ಊಹಿಸಿಕೊಂಡರೆ, ಮೂರು ಒಲೆಗುಂಡುಗಳ ನಡುವೆ ಇಡಿಯ ದಿಮ್ಮಿಯನ್ನೇ ನೂಕಿ, ತುದಿ ಉರಿದಂತೆಲ್ಲ ಒಳಗೆ ತಳ್ಳುತ್ತ ಹೋಗುವ ಅಗಲಬಾಯಿಯ ಒಲೆಯು ಅವಿವೇಕದ್ದೆಂದು ತೋರದು. ಕೊಡಲಿಯ ಶ್ರಮವನ್ನು ಉಳಿಸುವುದೇ ಅಂದಿನ ಲಾಭವಾಗಿತ್ತು.

ಆದರೆ ಈ ಸ್ಥಿತಿಯು ಉಳಿಯಲಿಲ್ಲ. 1862ರಲ್ಲಿ ಉತ್ತರ ಕನ್ನಡವು ಮದ್ರಾಸಿನಿಂದ ಮುಂಬಯಿ ಇಲಾಖೆಗೆ ಸೇರಿತು. 1865 ಮತ್ತು 1878ರ ಅರಣ್ಯ ಕಾಯಿದೆಗಳ ತರುವಾಯ ಕಾಡು ಸರಕಾರದ ಸ್ವತ್ತೆಂಬ ತತ್ತ್ವವು ದೃಢವಾಯಿತು. ಅಡಿಕೆ ತೋಟಕ್ಕೆ ಸೊಪ್ಪು ಇಲ್ಲದೆ ಗತಿಯಿಲ್ಲವೆಂಬುದನ್ನು ಒಪ್ಪಿಕೊಂಡ ಸರಕಾರವು, ಘಟ್ಟದ ಮೇಲಿನ ತೋಟಿಗರಿಗೆ ಒಂದು ಎಕರೆ ತೋಟಕ್ಕೆ 9 ಎಕರೆಯವರೆಗೆ ಬೆಟ್ಟವನ್ನು ಬಿಟ್ಟುಕೊಟ್ಟಿತು. ಆದರೆ ಇದು ಸವಲತ್ತು, ಒಡೆತನವಲ್ಲ. ಸೊಪ್ಪನ್ನು ಸವರಿಕೊಳ್ಳಬಹುದು, ಸೊಪ್ಪು ತೆಗೆದು ಉಳಿದ ಕೊಂಬೆರೆಂಬೆಗಳನ್ನು ಉರಿಸಬಹುದು. ಬೆಟ್ಟವನ್ನು ತನ್ನದೆಂದು ಹೇಳುವ ಹಾಗಿಲ್ಲ. ಅಜ್ಜನ ಕಾಲದಲ್ಲಿ ಯಾರನ್ನೂ ಕೇಳದೆ ತಂದ ಸೌದೆಗೆ ಮೊಮ್ಮಗನ ಕಾಲದಲ್ಲಿ ಕಾಯಿದೆಯ ಕಲಮು ಅಂಟಿಕೊಂಡಿತು. 1930ರಲ್ಲಿ ಈ ಜಿಲ್ಲೆಯಲ್ಲಿ ನಡೆದ ಅರಣ್ಯ ಸತ್ಯಾಗ್ರಹವನ್ನೂ, ಆ ವರ್ಷಗಳಲ್ಲಿ ಸಿದ್ದಾಪುರ, ಅಂಕೋಲೆಗಳಲ್ಲಿ ಜಮೀನು ಮನೆಗಳನ್ನು ಕಳೆದುಕೊಂಡು ರೈತರು ನಡೆಸಿದ ಕರನಿರಾಕರಣೆಯನ್ನೂ ಎಲ್ಲರೂ ಬಲ್ಲರು. ಆ ಹೋರಾಟಗಳಿಗೆ ಸ್ವರಾಜ್ಯದ ಆಕಾಂಕ್ಷೆಯೇ ಪ್ರಧಾನ ಕಾರಣವು ಹೌದು. ಆದರೂ ಕಾಡು ನಮ್ಮ ಕೈತಪ್ಪಿತೆಂಬ ಕೊರಗು ಪ್ರತಿ ಮನೆಯ ಒಲೆಯ ಮುಂದೆ ದಿನವೂ ನೆನಪಾಗುವಂಥದು.

ಸ್ವರಾಜ್ಯವು ಬಂದಿತು, 1956ರಲ್ಲಿ ಕನ್ನಡ ನಾಡೂ ಒಂದಾಯಿತು. ಆದರೆ ಕಾಡಿನ ಮರಗಳು ಕಾರಖಾನೆಗಳಿಗೆ ಸಾಗುವುದು ನಿಲ್ಲಲಿಲ್ಲ. 1983ನೆಯ ಸಪ್ಟೆಂಬರ್ 8ರಂದು ಶಿರಸಿ ತಾಲೂಕಿನ ಸಾಲ್ಕಣಿಯ ಸುತ್ತಲಿನ ಹಳ್ಳಿಯ ಗಂಡಸರೂ ಹೆಂಗಸರೂ ಕಳಸೆಯ ಕಾಡಿಗೆ ಹೋಗಿ, ಕಡಿಯಲಿದ್ದ ಮರಗಳನ್ನು ಅಪ್ಪಿ ನಿಂತರು. ಅಪ್ಪಿಕೋ ಚಳವಳಿಯೆಂದು ಇದು ಪ್ರಖ್ಯಾತವಾಯಿತು. ಈ ಚಳವಳಿಯು ಅಪ್ಪಿಕೊಳ್ಳುವಷ್ಟರಿಂದಲೇ ತೃಪ್ತವಾಗಲಿಲ್ಲವೆಂಬುದು ನಮ್ಮ ವಿಷಯಕ್ಕೆ ಮುಖ್ಯವಾದದ್ದು. ಉಳಿಸು, ಬೆಳೆಸು, ಬಳಸು ಎಂಬ ಮೂರು ಮಾತುಗಳಲ್ಲಿ ಅದು ತನ್ನ ಧ್ಯೇಯವನ್ನು ಸಾರಿತು. ಮೂರನೆಯದಾದ ವಿವೇಕದ ಬಳಕೆಯಲ್ಲಿ ಸೌದೆ ಉಳಿಸುವ ಒಲೆಯ ಪ್ರಚಾರವೂ ಸೇರಿತ್ತು. ಸರಕಾರದ ಕೊಡಲಿಯನ್ನು ತಡೆದವನು ತನ್ನ ಹಿತ್ತಲಿನ ಒಲೆಯ ಬಾಯಿಯನ್ನೂ ನೋಡಿಕೊಳ್ಳಬೇಕೆಂಬುದು ಇದರ ತಾತ್ಪರ್ಯ. ಆ ಹೊತ್ತಿಗೆ ಅನುಕೂಲವಾದ ವಿದ್ಯೆಯೂ ಸಿದ್ಧವಾಗಿತ್ತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ‘ಅಸ್ತ್ರ’ ಎಂಬ ಹೆಸರಿನಿಂದ ಗ್ರಾಮೋಪಯೋಗಿ ತಂತ್ರಜ್ಞಾನದ ವಿಭಾಗವು ಪ್ರಾರಂಭವಾಗಿ, ಅಲ್ಲಿಯ ವಿದ್ವಾಂಸರು ಸುತ್ತಲೂ ಮುಚ್ಚಿದ, ತಳದಲ್ಲಿ ಜಾಲರಿಯಿರುವ, ಹೊಗೆ ಕೊಳವೆಯುಳ್ಳ ಒಲೆಯನ್ನು ರೂಪಿಸಿದ್ದರು. ಅದೇ ಅಸ್ತ್ರ ಒಲೆ.

ಈ ಚರಿತ್ರೆಯಿಂದ ಕಟ್ಟುವವನು ಕಲಿಯತಕ್ಕದ್ದೇನು? ಮೊದಲು ಸ್ಥಳವಿಚಾರ. ಅಡಿಕೆಯ ಕೊಯ್ಲು ಚಳಿಗಾಲದ್ದು. ಆಗ ಮೂಡುಗಾಳಿಯು ಬೀಸುವುದು. ಒಲೆಯ ಬಾಯಿಯು ಗಾಳಿಗೆ ನೇರ ಎದುರಾದರೆ ಉರಿಯು ಹಂಡೆಯ ತಳವನ್ನು ಮುಟ್ಟದೆ ಹಿಂದಕ್ಕೆ ಹಾರುವುದು. ಬೆನ್ನಾದರೆ ಹೊಗೆಯೆಲ್ಲವೂ ಉರಿ ಹಾಕುವವನ ಕಣ್ಣಿಗೆ ಬರುವುದು. ಆದಕಾರಣ ಬಾಯಿಯು ಗಾಳಿಗೆ ಅಡ್ಡಲಾಗಿರುವುದು ಲೇಸು. ಹುಲ್ಲಿನ ಬಣವೆ, ದರಕಿನ ರಾಶಿ, ಕೊಟ್ಟಿಗೆ, ಸೋಗೆಯ ಚಪ್ಪರ ಇವುಗಳಿಂದ ಒಲೆಯು ದೂರವಿರಬೇಕು. ಎರಡನೆಯದು ಕಲ್ಲಿನ ವಿಚಾರ. ಹೊಳೆಯಿಂದ ತಂದ ದುಂಡುಗಲ್ಲು ನೋಟಕ್ಕೆ ಚೆಲುವಾದರೂ ಒಳಗೆ ನೀರಿನ ಪಸೆಯಿದ್ದರೆ ಶಾಖಕ್ಕೆ ಸಿಡಿಯುವುದು. ಚೆನ್ನಾಗಿ ಒಣಗಿದ ಕೆಂಪುಕಲ್ಲು ಅಥವಾ ಸುಟ್ಟ ಇಟ್ಟಿಗೆ, ಅದಕ್ಕೆ ಹುತ್ತದ ಮಣ್ಣು ಮತ್ತು ಸೆಗಣಿಯ ಲೇಪ, ಇದು ನಮ್ಮವರು ಪರೀಕ್ಷಿಸಿ ನೋಡಿದ ಕ್ರಮ. ಮೂರನೆಯದು ಅಳತೆ. ಹಂಡೆಯನ್ನು ಮೊದಲು ತಂದು, ಅದರ ಬುಡವನ್ನು ನೆಲದ ಮೇಲಿಟ್ಟು ಗೆರೆ ಎಳೆದು, ಆಮೇಲೆ ಗುಂಡಿ ತೋಡಬೇಕು. ಬಾಯಿಯು ಸೀಳಿದ ಸೌದೆ ಹೋಗುವಷ್ಟು ಮಾತ್ರ ಇರಲಿ. ದಿಮ್ಮಿಯನ್ನು ನೂಕುವ ಆಸೆಯನ್ನು ಬಾಯಿಯೇ ತಡೆಯಲಿ. ತಳದಲ್ಲಿ ಕಬ್ಬಿಣದ ಸಲಾಕೆಗಳನ್ನು ಹಾಸಿದರೆ ಬೂದಿಯು ಕೆಳಗಿಳಿದು ಗಾಳಿಯು ಮೇಲೇರುವುದು. ಹಿಂಬದಿಗೆ ಹೊಗೆ ಕೊಳವೆಯನ್ನು ಕಟ್ಟಿದರೆ ಗಾಳಿಯ ಸೆಳೆತವು ಹೆಚ್ಚಿ ಉರಿಯು ಸಮವಾಗುವುದು. ಅಡಿಕೆ ಬೇಯಿಸುವುದಕ್ಕೆ ಭುಗಿಲೆನ್ನುವ ಬೆಂಕಿಗಿಂತಲೂ ಸಮವಾದ ಉರಿಯೇ ಹಿತ. ಹಿಂದಿನ ವರ್ಷದ ಒಣಗಿದ ಸಿಪ್ಪೆಯೂ ಸೋಗೆಯೂ ಉರುವಲಿನ ಬಹುಭಾಗವನ್ನು ಪೂರೈಸಬಲ್ಲವು. ಬೂದಿಯು ತಿರುಗಿ ತೋಟಕ್ಕೆ ಸಲ್ಲುವುದು.

ಇನ್ನು ಒಲೆಯೇ ಬೇಕೋ ಬೇಡವೋ ಎಂಬ ಪ್ರಶ್ನೆ. 1923ರಲ್ಲಿ ತೋಟಿಗರೇ ಕೂಡಿ ಶಿರಸಿಯಲ್ಲಿ ಸ್ಥಾಪಿಸಿದ ಸಹಕಾರಿ ಮಾರಾಟ ಸಂಘವು ನಮ್ಮ ಬೆಳೆಗೆ ಊರಿನಲ್ಲಿಯೇ ಪೇಟೆಯನ್ನು ಒದಗಿಸಿತು. 2019ರಲ್ಲಿ ಈ ಮೂರು ತಾಲೂಕುಗಳ ಅಡಿಕೆಗೆ ‘ಶಿರಸಿ ಸುಪಾರಿ’ ಎಂಬ ಭೌಗೋಳಿಕ ಗುರುತೂ ದೊರೆಯಿತು. ಬೆಳೆಗೆ ಹೆಸರು ಬಂದಿತಾದರೂ, ಸುಲಿಯುವ ಕೈಗಳೂ ಉರಿ ಹಾಕುವ ಕೈಗಳೂ ಮನೆಗಳಲ್ಲಿ ಕಡಿಮೆಯಾಗಿವೆ. ಆದುದರಿಂದ ಕೆಂಪಡಿಕೆಯನ್ನು ಬಿಟ್ಟು ಚಾಲಿಯನ್ನೇ ನೆಚ್ಚಿದವರುಂಟು. ಅವರನ್ನು ಆಕ್ಷೇಪಿಸುವ ಹಾಗಿಲ್ಲ, ಆಹುತಿಯಿಲ್ಲದಲ್ಲಿ ಕುಂಡವೇಕೆ? ಆದರೆ ಕೆಂಪಡಿಕೆಯನ್ನು ಮಾಡುವವರು ಹಳೆಯ ಅಗಲಬಾಯಿಯ ಒಲೆಯನ್ನು ಹಿರಿಯರ ಸ್ಮರಣೆಯೆಂದು ಹಾಗೆಯೇ ಉಳಿಸಿಕೊಳ್ಳುವುದು ಹಿರಿಯರಿಗೆ ಸಲ್ಲಿಸುವ ಗೌರವವಾಗದು. ಆ ಒಲೆಯು ಅವರ ಕಾಲದ ಕಾಡಿಗೆ ತಕ್ಕದ್ದಾಗಿತ್ತು. ಒಲೆಯ ಮುಂದೆ ಕುಳಿತು ಕಣ್ಣು ಕೆಂಪಾಗಿಸಿಕೊಂಡ ತಾಯಂದಿರೂ, ಮೈಲಿಗಟ್ಟಲೆ ಹೊರೆ ಹೊತ್ತ ಆಳುಗಳೂ, ಬೋಳಾದ ಬೆಟ್ಟಗಳೂ ಆ ಅಗಲಬಾಯಿಗೆ ತೆತ್ತ ಬೆಲೆಯನ್ನು ನಾವು ಕಂಡಿದ್ದೇವೆ. ಕೆಲಸಕ್ಕೆ ತಕ್ಕ ಅಳತೆ ಎಂಬ ಕುಂಡಶಾಸ್ತ್ರದ ಮಾತನ್ನು ಯಜ್ಞಶಾಲೆಯಲ್ಲಿ ಬಹುಕಾಲದಿಂದ ಪಾಲಿಸಿಕೊಂಡು ಬಂದಿದ್ದೇವೆ. ಅದೇ ಮಾತು ಹಿತ್ತಲಿಗೂ ಬಂದರೆ ಬೆಟ್ಟದ ಮರವು ಉಳಿಯುವುದು. ಮುಂದಿನ ಕೊಯ್ಲಿಗೆ ಸೌದೆಯೂ ಇರುವುದು.