‘ಉಪ’ ಎಂಬ ಎರಡಕ್ಷರ

ನಮ್ಮ ಊರುಗಳ ತಿಂಡಿಯಂಗಡಿಗಳ ಫಲಕದ ಮೇಲೆ ‘ಉಪಾಹಾರ’ ಎಂದಿರಬೇಕಾದಲ್ಲಿ ‘ಉಪಹಾರ’ ಎಂದು ಬರೆದಿರುವುದನ್ನು ಕಂಡಾಗಲೆಲ್ಲ, ಒಂದು ದೀರ್ಘ ಜಾರಿದ ಮಾತ್ರಕ್ಕೆ, ಊಟಕ್ಕಿಂತ ಕಿರಿದಾದ ಆಹಾರವು ಹಿರಿಯರ ಮುಂದೆ ತಂದಿಡುವ ಕಾಣಿಕೆಯಾಗಿ ಮಾರ್ಪಟ್ಟಿತಲ್ಲಾ ಎಂದು ಅನ್ನಿಸುವುದುಂಟು. ಎರಡು ಪದಗಳ ತಲೆಯಲ್ಲಿಯೂ ನಿಂತಿರುವುದು ಒಂದೇ ಉಪಸರ್ಗ. ಆದರೆ ಮೊದಲನೆಯದರಲ್ಲಿ ಅದು ಕಿರಿತನವನ್ನೂ ಎರಡನೆಯದರಲ್ಲಿ ಹತ್ತಿರಕ್ಕೆ ತರುವುದನ್ನೂ ಹೇಳುತ್ತದೆ. ಈ ಎರಡು ಅರ್ಥಗಳ ನಡುವಣ ಅಂತರದಲ್ಲಿ ಒಂದು ದೊಡ್ಡ ರಾಷ್ಟ್ರದ ಭಾಗ್ಯವೇ ಎರಡು ಸಲ ತೂಗಾಡಿತೆಂಬುದನ್ನು ಹೇಳುವುದಕ್ಕಾಗಿಯೇ ಈ ಬರಹವನ್ನು ತೊಡಗಿದ್ದೇನೆ.

‘ಉಪ’ದ ಮೂಲಾರ್ಥ ಸಾಮೀಪ್ಯ. ಗುರುವಿನ ಬಳಿ ಕುಳಿತು ಪಡೆದದ್ದು ಉಪನಿಷತ್ತು. ವಟುವನ್ನು ಅವನ ಬಳಿಗೆ ಕರೆದೊಯ್ಯುವುದು ಉಪನಯನ. ದೇವರ ಸನ್ನಿಧಿಯಲ್ಲಿ ಕೂರುವುದು ಉಪಾಸನೆ. ಹೊಟ್ಟೆಯನ್ನು ಬರಿದಾಗಿಟ್ಟುಕೊಳ್ಳುವುದೆಂದು ನಾವು ತಿಳಿದಿರುವ ಉಪವಾಸವೂ ಪದಶಃ ಬಳಿಯಲ್ಲಿ ವಾಸಿಸುವುದೇ. ‘ಉಪಾಧ್ಯಾಯ’ ಎಂಬ ಶಬ್ದವನ್ನು ನೋಡಿ: ಯಾರ ಬಳಿಸಾರಿ ಅಧ್ಯಯನ ಮಾಡುತ್ತೇವೆಯೋ ಆತ ಉಪಾಧ್ಯಾಯನೇ ಹೊರತು, ಅಧ್ಯಾಯನೆಂಬ ಮತ್ತೊಬ್ಬ ಅಧಿಕಾರಿಯ ಕೈಕೆಳಗಿನವನಲ್ಲ. ಪಾಣಿನಿಯಂತೂ ಈ ‘ಉಪ’ಕ್ಕೆ ಹೀನವೆಂಬ ಅರ್ಥವೂ ಅಧಿಕವೆಂಬ ಅರ್ಥವೂ ಉಂಟೆಂದು ಒಂದೇ ಕಡೆಯಲ್ಲಿ ಹೇಳಿಟ್ಟಿದ್ದಾನೆ. ಇಂದ್ರನ ತಮ್ಮನಾಗಿ ಹುಟ್ಟಿದ ವಾಮನನಿಗೆ ‘ಉಪೇಂದ್ರ’ ಎಂದು ಹೆಸರು. ಆದರೆ ಮೂರು ಲೋಕಗಳನ್ನು ಅಳೆದವನು ಇಂದ್ರನಲ್ಲ.

ಕಚೇರಿಯ ಭಾಷೆಗೆ ಬಂದ ಮೇಲೆ ಈ ಉಪಸರ್ಗದ ಪದವಿ ಇಳಿಯಿತು. ಸಬ್ ಎಂದರೂ ಉಪ, ಡೆಪ್ಯುಟಿ ಎಂದರೂ ಉಪ, ವೈಸ್ ಎಂದರೂ ಉಪ. ಬಳಕೆಯಲ್ಲಿ ಕನ್ನಡಿಗರು ಕೆಲವು ಕಡೆ ವಿವೇಕವನ್ನು ತೋರಿದ್ದಾರೆ: ಹಿಂದೆ ‘ಉಪಕುಲಪತಿ’ ಎನ್ನಿಸಿಕೊಳ್ಳುತ್ತಿದ್ದವರು ಈಗ ಕುಲಪತಿಗಳು, ಡೆಪ್ಯುಟಿ ಕಮಿಷನರರನ್ನು ನಾವು ಜಿಲ್ಲಾಧಿಕಾರಿಯೆಂದೇ ಕರೆಯುತ್ತೇವೆ. ಆದರೆ ‘ಉಪಾಧ್ಯಕ್ಷ’ದಲ್ಲಿ ಉಪವು ಹಾಗೆಯೇ ಉಳಿದಿದೆ, ಸಂಘ ಸಂಸ್ಥೆಗಳ ಆಹ್ವಾನಪತ್ರಿಕೆಯಲ್ಲಿ ಎರಡನೆಯ ಸಾಲಿನ ಹೆಸರಾಗಿ. ಆಂಗ್ಲರ ‘ವೈಸ್’ ಲ್ಯಾಟಿನ್ ಭಾಷೆಯಿಂದ ಬಂದದ್ದು; ಅದರ ಅರ್ಥ ಕೆಳಗೆ ಎಂದಲ್ಲ, ಬಳಿಯಲ್ಲಿ ಎಂದೂ ಅಲ್ಲ; ‘ಬದಲಿಗೆ’, ‘ಸ್ಥಾನದಲ್ಲಿ’ ಎಂದು. ಅಮೆರಿಕದ ಅಧ್ಯಕ್ಷರು ಎರಡನೆಯ ಬಾರಿಗೆ ಚುನಾವಣೆಗೆ ನಿಲ್ಲುವಾಗ ಉಪಾಧ್ಯಕ್ಷರನ್ನು ಬದಲಾಯಿಸಬೇಕೆ ಬೇಡವೆ ಎಂಬ, ಆ ನಾಡಿನಲ್ಲಿ ಮತ್ತೆಮತ್ತೆ ಏಳುವ ಚರ್ಚೆಗೆ ಉತ್ತರವು, ಈ ಮೂರರಲ್ಲಿ ಯಾವ ಅರ್ಥವನ್ನು ಹಿಡಿದು ನಾವು ಆಲೋಚಿಸುತ್ತೇವೆಂಬುದರ ಮೇಲೆ ನಿಂತಿದೆಯೆಂದು ನನ್ನ ನಂಬಿಕೆ.

ಚುನಾವಣೆಯ ದಿನಗಳಲ್ಲಿ ಅಲ್ಲಿಯವರು ಉಪಾಧ್ಯಕ್ಷ ಸ್ಥಾನದ ಅಭ್ಯರ್ಥಿಯನ್ನು ‘ರನ್ನಿಂಗ್ ಮೇಟ್’ ಎನ್ನುತ್ತಾರೆ. ಇದು ಕುದುರೆಯ ಪಂದ್ಯದಿಂದ ಬಂದ ಮಾತು. ಒಬ್ಬನೇ ಒಡೆಯನ ಲಾಯದಿಂದ ಎರಡು ಕುದುರೆಗಳನ್ನು ಬಿಟ್ಟು, ಗೆಲ್ಲಬೇಕಾದ ಕುದುರೆಗೆ ಓಟದ ವೇಗವನ್ನು ಹದಗೊಳಿಸಿ ಕೊಡುವುದಕ್ಕೆಂದೇ ಓಡಿಸುವ ಜೊತೆಕುದುರೆಗೆ ಆ ಹೆಸರು. ನಮ್ಮ ಜೋಡೆತ್ತಿನ ಕಲ್ಪನೆ ಇದಲ್ಲ. ಜೋಡೆತ್ತುಗಳು ಒಂದೇ ನೊಗಕ್ಕೆ ಹೆಗಲು ಕೊಟ್ಟಿರುತ್ತವೆ. ಒಂದು ಕುಸಿದರೆ ಭಾರವೆಲ್ಲ ಮತ್ತೊಂದರ ಕೊರಳಿಗೆ. ಜೊತೆಕುದುರೆಯ ಕೆಲಸವೋ ಓಟದೊಂದಿಗೆ ಮುಗಿಯಿತು. ಪಂದ್ಯಕ್ಕೆಂದು ಆರಿಸಿದ ಕುದುರೆಯ ಕೊರಳಿಗೆ ಪಂದ್ಯ ಮುಗಿದ ಮೇಲೆ ನೊಗವು ಬೀಳಬಹುದೆಂಬುದನ್ನು ಮರೆಸುವುದೇ ಈ ಪದದ ದೋಷ.

1864ನೆಯ ಇಸವಿಯನ್ನು ತೆಗೆದುಕೊಳ್ಳೋಣ. ಅಂತರ್ಯುದ್ಧವು ನಡೆಯುತ್ತಿದ್ದ ಆ ವರ್ಷ ಲಿಂಕನ್ನರ ಪುನರಾಯ್ಕೆ ಖಚಿತವಾಗಿರಲಿಲ್ಲ. ಉಪಾಧ್ಯಕ್ಷರಾಗಿದ್ದವರು ಮೈನ್ ರಾಜ್ಯದ ಹ್ಯಾನಿಬಲ್ ಹ್ಯಾಮ್ಲಿನ್, ಗುಲಾಮಗಿರಿಯ ವಿರೋಧಕ್ಕಾಗಿ ತಮ್ಮ ಹಳೆಯ ಪಕ್ಷವನ್ನೇ ತೊರೆದು ಬಂದವರು. ಉತ್ತರದ ಮತಗಳು ಹೇಗಿದ್ದರೂ ಬರುವುವು. ಯುದ್ಧವನ್ನು ಬೆಂಬಲಿಸುವ ಡೆಮಾಕ್ರಾಟರನ್ನೂ ಗಡಿನಾಡುಗಳನ್ನೂ ಸೆಳೆಯಬೇಕೆಂದರೆ ದಕ್ಷಿಣದ ನಿಷ್ಠಾವಂತನೊಬ್ಬ ಜೊತೆಗಿರಬೇಕೆಂದು ಲೆಕ್ಕಹಾಕಿ, ಜೂನ್ 8ರಂದು ಬಾಲ್ಟಿಮೋರಿನ ಸಮಾವೇಶವು ಹ್ಯಾಮ್ಲಿನ್ನರನ್ನು ಕೈಬಿಟ್ಟು ಟೆನೆಸಿಯ ಆಂಡ್ರೂ ಜಾನ್ಸನ್ನರನ್ನು ಆರಿಸಿತು. ಇದರಲ್ಲಿ ಲಿಂಕನ್ನರ ಕೈ ಎಷ್ಟಿತ್ತೆಂಬುದನ್ನು ಕುರಿತು ಇತಿಹಾಸಕಾರರ ವಾದ ಇನ್ನೂ ಮುಗಿದಿಲ್ಲ. ಮರುದಿನವೇ, ತಮ್ಮನ್ನು ಅಭಿನಂದಿಸಲು ಬಂದ ನಿಯೋಗದ ಮುಂದೆ, ಹೊಳೆಯನ್ನು ದಾಟುವಾಗ ಕುದುರೆಯನ್ನು ಬದಲಾಯಿಸುವುದು ಒಳ್ಳೆಯದಲ್ಲವೆಂಬ ಮುದುಕ ರೈತನೊಬ್ಬನ ಮಾತನ್ನು ಲಿಂಕನ್ನರು ನೆನೆದರು; ಜೊತೆಯ ಕುದುರೆಯಾದರೋ ಹಿಂದಿನ ದಿನವೇ ಬದಲಾಗಿತ್ತು. ಹ್ಯಾಮ್ಲಿನ್ನರು ಆ ಬೇಸಗೆಯಲ್ಲಿ, ಉಪಾಧ್ಯಕ್ಷರಾಗಿದ್ದುಕೊಂಡೇ, ತಮ್ಮ ರಾಜ್ಯದ ಕರಾವಳಿಯ ಕೋಟೆಯೊಂದರಲ್ಲಿ ಸಾಮಾನ್ಯ ಸಿಪಾಯಿಯಾಗಿ ಕಾವಲು ನಿಂತು ಅಡುಗೆಯ ಕೆಲಸವನ್ನೂ ಮಾಡಿದರು. ಅವಮಾನವನ್ನು ಹೀಗೆ ನುಂಗಿಕೊಳ್ಳಬಲ್ಲ ಮನುಷ್ಯನ ಮೇಲೆ ನನಗೆ ಗೌರವ ಹುಟ್ಟುತ್ತದೆ.

1865ರ ಮಾರ್ಚ್ 4ರಂದು ಜಾನ್ಸನ್ನರು ಪ್ರಮಾಣವಚನವನ್ನು ಸ್ವೀಕರಿಸಿದರು. ನಲವತ್ತೆರಡನೆಯ ದಿನ, ಗುಂಡೇಟಿನಿಂದ ಲಿಂಕನ್ನರು ತೀರಿಕೊಂಡರು. ಗಡಿನಾಡಿನ ಮತಕ್ಕೆಂದು ತಂದವರ ಕೈಗೆ, ಆಗತಾನೆ ಬಿಡುಗಡೆಯಾದ ಸುಮಾರು ನಲವತ್ತು ಲಕ್ಷ ಗುಲಾಮರ ಭವಿಷ್ಯವು ಬಂದಿತು. ಅವರಿಗೆ ನಾಗರಿಕ ಹಕ್ಕುಗಳನ್ನು ಕೊಡುವ 1866ರ ಮಸೂದೆಯನ್ನು ಜಾನ್ಸನ್ನರು ತಡೆದರು. ಕಾಂಗ್ರೆಸ್ಸು ಅವರ ತಡೆಯನ್ನು ಮೀರಿ ಅದನ್ನು ಕಾಯಿದೆಯಾಗಿಸಬೇಕಾಯಿತು. 1868ರಲ್ಲಿ ಮಹಾಭಿಯೋಗಕ್ಕೆ ಗುರಿಯಾಗಿ ಸೆನೆಟ್ಟಿನಲ್ಲಿ ಒಂದೇ ಮತದ ಅಂತರದಿಂದ ಪದವಿಯನ್ನು ಉಳಿಸಿಕೊಂಡರು. ಹ್ಯಾಮ್ಲಿನ್ನರು ಉಳಿದಿದ್ದರೆ ಎಲ್ಲವೂ ನೆಟ್ಟಗಾಗುತ್ತಿತ್ತೆಂದು ನಾನು ಹೇಳಲಾರೆ; ಆದರೆ ಆ ಜನರ ಬಿಡುಗಡೆಯನ್ನು ಹೃತ್ಪೂರ್ವಕವಾಗಿ ಬಯಸಿದವರೊಬ್ಬರು ಆ ಪೀಠದಲ್ಲಿರುತ್ತಿದ್ದರು.

ಎಂಬತ್ತು ವರ್ಷಗಳ ತರುವಾಯ ಮತ್ತೊಂದು ಮಹಾಯುದ್ಧದ ನಡುವೆ ಇದೇ ಪ್ರಶ್ನೆ ಬಂದಿತು. ಫ್ರಾಂಕ್ಲಿನ್ ರೂಸ್‌ವೆಲ್ಟರು 1940ರಲ್ಲಿ ಅಂದಿನ ಉಪಾಧ್ಯಕ್ಷ ಗಾರ್ನರರ ಸ್ಥಾನಕ್ಕೆ ಹೆನ್ರಿ ವ್ಯಾಲೇಸರನ್ನು ತಂದಿದ್ದರು. 1944ರಲ್ಲಿ ವ್ಯಾಲೇಸರ ಸ್ಥಾನಕ್ಕೆ ಹ್ಯಾರಿ ಟ್ರೂಮನ್ನರು ಬಂದರು. ಈ ಸಲ ಪಕ್ಷದ ಮುಖಂಡರಿಗೆ ಅಧ್ಯಕ್ಷರ ಆರೋಗ್ಯ ಕುಸಿಯುತ್ತಿದ್ದುದು ಕಾಣುತ್ತಿತ್ತು. ತಾವು ಆರಿಸುತ್ತಿರುವುದು ಮುಂದಿನ ಅಧ್ಯಕ್ಷನನ್ನೆಂಬ ಅರಿವು ಅವರಿಗಿತ್ತು. ಷಿಕಾಗೋ ಸಮಾವೇಶದ ಮೊದಲ ಸುತ್ತಿನ ಮತದಲ್ಲಿ ವ್ಯಾಲೇಸರೇ ಮುಂದಿದ್ದರು. ಎರಡನೆಯ ಸುತ್ತಿನಲ್ಲಿ ಟ್ರೂಮನ್ನರು ಗೆದ್ದರು. ಬದಲಾವಣೆಯು ಸರಿಯಾದ ಪ್ರಶ್ನೆಯನ್ನು ಎದುರಿಟ್ಟುಕೊಂಡೇ ನಡೆಯಿತೆಂದು ನಾನು ಒಪ್ಪುತ್ತೇನೆ. ಆದರೆ ಆರಿಸಿ ತಂದವರನ್ನು ರೂಸ್‌ವೆಲ್ಟರು ಬಳಿಗೆ ಬಿಟ್ಟುಕೊಳ್ಳಲಿಲ್ಲ. ಎಂಬತ್ತೆರಡು ದಿನ ಉಪಾಧ್ಯಕ್ಷರಾಗಿದ್ದ ಟ್ರೂಮನ್ನರಿಗೆ ಯುದ್ಧದ ಮುಖ್ಯ ಗುಟ್ಟುಗಳು ತಿಳಿದಿರಲಿಲ್ಲ. 1945ರ ಏಪ್ರಿಲ್ 12ರಂದು ತಾವೇ ಅಧ್ಯಕ್ಷರಾದ ಮೇಲೆ, 25ರಂದು ಯುದ್ಧ ಕಾರ್ಯದರ್ಶಿ ಸ್ಟಿಮ್ಸನ್ನರು ಬಂದು ಅಣುಬಾಂಬಿನ ವಿವರವನ್ನು ಪೂರ್ತಿಯಾಗಿ ತಿಳಿಸಬೇಕಾಯಿತು. ಆಗಸ್ಟಿನಲ್ಲಿ ಹಿರೋಷಿಮಾ. ‘ಉಪ’ದಿಂದ ಸಾಮೀಪ್ಯವನ್ನು ಕಿತ್ತುಹಾಕಿ ಬರಿಯ ಕೆಳಗನ್ನು ಉಳಿಸಿದರೆ ಏನಾಗುತ್ತದೆಂಬುದಕ್ಕೆ ಇದಕ್ಕಿಂತ ಭಯಂಕರವಾದ ನಿದರ್ಶನ ನನಗೆ ತಿಳಿಯದು.

ಆಮೇಲಿನ ಕಥೆಗಳು ಚಿಕ್ಕವು. 1956ರಲ್ಲಿ ಐಸೆನ್‌ಹೋವರರು ತಮ್ಮ ಉಪಾಧ್ಯಕ್ಷ ನಿಕ್ಸನ್ನರಿಗೆ ಮಂತ್ರಿಪದವಿಯನ್ನು ಸೂಚಿಸಿ ನೋಡಿದರು; ನಿಕ್ಸನ್ನರು ಕದಲಲಿಲ್ಲ. 1976ರಲ್ಲಿ ಫೋರ್ಡರು ಪಕ್ಷದ ಬಲಪಂಥೀಯರ ಒತ್ತಡಕ್ಕೆ ಮಣಿದು ರಾಕ್‌ಫೆಲ್ಲರರನ್ನು ಬಿಟ್ಟು ಬಾಬ್ ಡೋಲರನ್ನು ಜೊತೆಗಿಟ್ಟುಕೊಂಡರು. ಸೋತರು, ಮುಂದೆ ಅದಕ್ಕಾಗಿ ಪಶ್ಚಾತ್ತಾಪವನ್ನೂ ಪಟ್ಟರು. 1992ರಲ್ಲಿ ಹಿರಿಯ ಬುಷ್‌ರು ಕ್ವೇಲ್‌ರನ್ನು ಬಿಡಲಿಲ್ಲ; ಅವರೂ ಸೋತರು. 1944ರ ಬಳಿಕ, ಪದವಿಯಲ್ಲಿದ್ದುಕೊಂಡೇ ತನ್ನ ಉಪಾಧ್ಯಕ್ಷನನ್ನು ಬದಲಾಯಿಸಿ ಗೆದ್ದ ಅಧ್ಯಕ್ಷನೊಬ್ಬನೂ ಇಲ್ಲ. ಆದುದರಿಂದ ಮತಗಳಿಕೆಯ ಲೆಕ್ಕದಿಂದ ಈ ಚರ್ಚೆಗೆ ಬೆಳಕು ಬೀಳದು.

ನಮ್ಮ ‘ಉಪರಾಷ್ಟ್ರಪತಿ’ಯ ಉಪ ಬೇರೆ. ಅವರನ್ನು ಆರಿಸುವುದು ಸಂಸತ್ ಸದಸ್ಯರು. ರಾಷ್ಟ್ರಪತಿಗೆ ಅವರನ್ನು ಇಡುವ ಅಧಿಕಾರವೂ ಇಲ್ಲ, ಬಿಡುವ ಅಧಿಕಾರವೂ ಇಲ್ಲ. 1977ರ ಫೆಬ್ರವರಿಯಲ್ಲಿ ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹಮದರು ನಿಧನರಾದಾಗ, ಉಪರಾಷ್ಟ್ರಪತಿಯಾಗಿದ್ದ ಜಮಖಂಡಿ ಸೀಮೆಯ ಬಿ. ಡಿ. ಜತ್ತಿಯವರು ಹಂಗಾಮಿಯಾಗಿ ಆ ಭಾರವನ್ನು ಹೊತ್ತು, ಜುಲೈಯಲ್ಲಿ ಹೊಸ ರಾಷ್ಟ್ರಪತಿಗೆ ಒಪ್ಪಿಸಿದರು. ಅಮೆರಿಕದಲ್ಲಿ ಅಧ್ಯಕ್ಷರ ಸಾವಿನಿಂದ ತೆರವಾದ ಪೀಠಕ್ಕೆ ಹಂಗಾಮಿ ಎಂಬುದಿಲ್ಲ. ಅಧ್ಯಕ್ಷರು ಸತ್ತ ಗಳಿಗೆಯಲ್ಲಿ ಉಪಾಧ್ಯಕ್ಷರೇ ಉಳಿದ ಅವಧಿಗೆಲ್ಲ ಅಧ್ಯಕ್ಷರು. ಎಂಟು ಸಲ ಸಾವಿನಿಂದ, ಒಂದು ಸಲ ರಾಜೀನಾಮೆಯಿಂದ ಹಾಗಾಗಿದೆ.

ಹೀಗಿರುವಾಗ ನನ್ನ ಅಭಿಪ್ರಾಯವನ್ನು ಮುಚ್ಚಿಡುವುದಿಲ್ಲ. ನಾಳೆ ಬೆಳಗ್ಗೆ ತಾನಿಲ್ಲದಿದ್ದರೆ ಈತ ದೇಶವನ್ನು ನಡೆಸಬಲ್ಲನೆ ಎಂಬ ಪ್ರಶ್ನೆಗೆ ಅಧ್ಯಕ್ಷರ ಅಂತಃಕರಣವು ‘ಇಲ್ಲ’ ಎಂದರೆ, ಎಷ್ಟೇ ಮುಜುಗರವಾದರೂ ಬದಲಾಯಿಸತಕ್ಕದ್ದು. ‘ಅಹುದು’ ಎಂದರೆ, ಯಾವ ರಾಜ್ಯದ ಮತಕ್ಕಾಗಿಯೂ ಬದಲಾಯಿಸಕೂಡದು. ಲಿಂಕನ್ನರಂತಹ ಮಹಾನುಭಾವರ ಸುತ್ತಣವರೂ ಈ ಪ್ರಶ್ನೆಯನ್ನು ಕೇಳದೆ ಹೋದರೆಂಬುದು ನನ್ನನ್ನು ಇಂದಿಗೂ ನೋಯಿಸುತ್ತದೆ.

ಹ್ಯಾನಿಬಲ್ ಹ್ಯಾಮ್ಲಿನ್ನರು 1891ರ ಜುಲೈ 4ರಂದು, ತಮ್ಮ ಎಂಬತ್ತೊಂದನೆಯ ವಯಸ್ಸಿನಲ್ಲಿ, ಮೈನ್ ರಾಜ್ಯದ ಬ್ಯಾಂಗರ್ ಪಟ್ಟಣದಲ್ಲಿ ಕಣ್ಣು ಮುಚ್ಚಿದರು. ಆಂಡ್ರೂ ಜಾನ್ಸನ್ನರು ತೀರಿಕೊಂಡು ಆಗ ಹದಿನಾರು ವರ್ಷಗಳಾಗುತ್ತ ಬಂದಿದ್ದುವು.