ನೊಯ್ಯಲ್ ನದಿಯೂ ಬಣ್ಣದ ಬನೀನೂ

ತಮಿಳುನಾಡಿನ ವೆಳ್ಳಿಯಂಗಿರಿ ಬೆಟ್ಟಗಳಲ್ಲಿ ಹುಟ್ಟಿ, ತಿರುಪ್ಪೂರಿನ ಮೂಲಕ ಹರಿದು ಕಾವೇರಿಯನ್ನು ಸೇರುವ ನೊಯ್ಯಲ್ ನದಿಯ ಇತ್ತೀಚಿನ ಚರಿತ್ರೆಯು ನಾವು ತೊಡುವ ಬಣ್ಣದ ಬನೀನಿನ ಚರಿತ್ರೆಯೂ ಆಗಿರುವುದು. ಹತ್ತಿಯ ಬಟ್ಟೆಗೆ ಬಣ್ಣ ಹಿಡಿಯಲೆಂದು ತೊಟ್ಟಿಗೆ ಹೇರಳವಾಗಿ ಉಪ್ಪನ್ನು ಹಾಕುವರು. ಬಣ್ಣವು ಬಟ್ಟೆಗಂಟುವುದು, ಉಪ್ಪಾದರೋ ನೀರಿನಲ್ಲಿಯೇ ಉಳಿಯುವುದು. ಆ ನೀರನ್ನು ಬಹುಕಾಲ ನದಿಗೇ ಬಿಟ್ಟರು. 1992ರಲ್ಲಿ ಬೇಸಾಯಕ್ಕೆಂದು ಒರತ್ತುಪಾಳೆಯದಲ್ಲಿ ಕಟ್ಟಿ ಮುಗಿಸಿದ ಅಣೆಕಟ್ಟು ಕೊಳಚೆಯ ಮಡುವಾಯಿತು. ಕೆಳಗಿನ ರೈತರೇ ಆ ನೀರು ಬೇಡವೆಂದರು. ಬಾವಿಗಳೂ ಉಪ್ಪಾದುವು. ಅಗ್ಗವೆಂದು ಬನೀನುಗಳನ್ನು ಕೊಂಡು ವರ್ಷದೊಳಗೆ ಎಸೆಯುವ ನಮ್ಮ ಮನೆಗಳು ತೆತ್ತ ಹಣದಲ್ಲಿ ಈ ಬಾವಿಗಳ ಬೆಲೆಯು ಸೇರಿರಲಿಲ್ಲ. ಕಡೆಗೆ 2011ರ ಜನವರಿಯಲ್ಲಿ ಮದರಾಸಿನ ಹೈಕೋರ್ಟು ಬಣ್ಣದ ಕಾರ್ಖಾನೆಗಳನ್ನು ಮುಚ್ಚಿಸಿತು. (ಕೂಲಿಯವರ ಅನ್ನಕ್ಕೂ ಅಂದು ಕಲ್ಲುಬಿದ್ದಿತೆಂಬುದನ್ನು ಮರೆಯಲಾಗದು.) ನೀರನ್ನು ಶೋಧಿಸಿ ಮರಳಿ ಬಳಸುವ ಏರ್ಪಾಡನ್ನು ಮಾಡಿಕೊಂಡ ಬಳಿಕ ಅವು ಒಂದೊಂದಾಗಿ ತೆರೆದುವು.