ಜೆಟ್ ಸೆಟ್ ರೇಡಿಯೋ ಮತ್ತು ಜೆಟ್ ಸೆಟ್ ರೇಡಿಯೋ ಫ್ಯೂಚರ್

ಜಪಾನಿನ ಸೆಗಾ ಕಂಪನಿಗಾಗಿ ಸ್ಮೈಲ್‌ಬಿಟ್ ತಂಡ ರೂಪಿಸಿದ ಸ್ಕೇಟಿಂಗ್ ವಿಡಿಯೋ ಗೇಮ್‌ಗಳು. ಮೊದಲನೆಯದು 2000ರಲ್ಲಿ ಡ್ರೀಮ್‌ಕಾಸ್ಟ್ ಯಂತ್ರಕ್ಕೂ ಎರಡನೆಯದು 2002ರಲ್ಲಿ ಎಕ್ಸ್‌ಬಾಕ್ಸ್‌ಗೂ ಬಂದವು. ಎರಡನ್ನೂ ನಿರ್ದೇಶಿಸಿದವರು ಮಸಯೋಶಿ ಕಿಕುಚಿ. ಟೋಕಿಯೊವನ್ನು ಹೋಲುವ ಕಲ್ಪಿತ ನಗರದಲ್ಲಿ ಚಕ್ರದ ಬೂಟು ತೊಟ್ಟ ಹುಡುಗ ಹುಡುಗಿಯರು ಗೋಡೆಗೆ ಬಣ್ಣ ಸಿಂಪಡಿಸುತ್ತ ಪೊಲೀಸರಿಂದ ತಪ್ಪಿಸಿಕೊಳ್ಳುವುದೇ ಕಥೆ. ಮೂರು ಆಯಾಮದ ಪಾತ್ರಗಳಿಗೆ ದಪ್ಪ ಕಪ್ಪು ಗೆರೆ, ಚಪ್ಪಟೆ ಬಣ್ಣ ಕೊಟ್ಟು ಕಾರ್ಟೂನಿನಂತೆ ಕಾಣಿಸುವ ಸೆಲ್ ಶೇಡಿಂಗ್ ತಂತ್ರವನ್ನು ಜನಪ್ರಿಯಗೊಳಿಸಿದ್ದು ಮೊದಲ ಆಟ.

ಆಡುವ ರೀತಿಯಲ್ಲಿ ಇವು ದೂರದೂರ. ಮೊದಲನೆಯದರಲ್ಲಿ ಗಡಿಯಾರ ಬೆನ್ನಟ್ಟುತ್ತದೆ. ದೊಡ್ಡ ಚಿತ್ರ ಬರೆಯಬೇಕಾದರೆ ನಿಂತು, ಪರದೆಯ ಮೇಲಿನ ಬಾಣಗಳಂತೆ ನಿಯಂತ್ರಕದ ಕಡ್ಡಿಯನ್ನು ತಿರುಗಿಸಬೇಕು. ಅಷ್ಟರಲ್ಲಿ ಪೊಲೀಸರು ಮೈಮೇಲೆ ಬಿದ್ದಿರುತ್ತಾರೆ. ಎರಡನೆಯದರಲ್ಲಿ ಗಡಿಯಾರದ ಕಾಟವಿಲ್ಲ. ಓಡುತ್ತಲೇ ಗುಂಡಿ ಒತ್ತಿದರೆ ಚಿತ್ರ ಮುಗಿಯಿತು. ಬಡಾವಣೆಗಳೂ ವಿಶಾಲ, ಒಂದಕ್ಕೊಂದು ಹೊಂದಿಕೊಂಡಿವೆ. ಕೈಗೆ ಹಗುರವಾದದ್ದು ಎರಡನೆಯದೇ. ಆದರೆ ಸಿಕ್ಕಿಬೀಳುವ ಭಯ ಅದರಲ್ಲಿ ಬಹಳ ಮಟ್ಟಿಗೆ ಮಾಯ. ದಾರಿ ತಿಳಿಯದೆ ಅಲೆದಾಡುವ ಬೇಸರವೂ ಉಂಟು. ಹಿಡೆಕಿ ನಾಗನುಮ ಅವರ ಸಂಗೀತ ಮಾತ್ರ ಎರಡರಲ್ಲೂ ಒಂದೇ ಹುರುಪಿನದು.

ಮೊದಲನೆಯದರ ಎಚ್‌ಡಿ ಆವೃತ್ತಿ 2012ರಲ್ಲಿ ಹೊರಬಂತು. ಇವುಗಳ ನೇರ ಪ್ರಭಾವದ 'ಬಾಂಬ್ ರಶ್ ಸೈಬರ್‌ಫಂಕ್' ಆಟ 2023ರಲ್ಲಿ ಬಂತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಸೆಗಾ ಹೊಸ ಜೆಟ್ ಸೆಟ್ ರೇಡಿಯೋ ತಯಾರಾಗುತ್ತಿದೆ ಎಂದು ಪ್ರಕಟಿಸಿತು.